ಸಮಸ್ಯಾಪೂರಣ: ಹುಳು ತಿಂದ ಎಲೆಯಿಂದ ಹಬ್ಬವಾಯ್ತು

ತೆಂಗಿನಗರಿ (ಕುವೆಂಪುನಗರ, ಮೈಸೂರು):
ಯುಗಾದಿ ಹತ್ತಿರ ಬಂತು. ಹೊಂಗೆ ಚಿಗುರಿದೆ, ಮಾವು ಹೂ ಬಿಟ್ಟಿದೆ. ನಮ್ಮ ಹಿತ್ತಲಲ್ಲಿ ಮಾತ್ರ ಒಂದು ಎಲೆಯೂ ಪೂರ್ತಿಯಾಗಿಲ್ಲ. ಅದನ್ನು ನೋಡುತ್ತಾ ಹೊಳೆದ ಸಾಲು ಇದು. ಮೊದಲ ಮೂರು ಸಾಲು ನೀವು ಕಟ್ಟಿ, ನಾಲ್ಕು ಸಾಲಿನ ಚೌಪದಿಯ ಕೊನೆಯ ಸಾಲಾಗಿ ಇದು ಬರಬೇಕು. ಮನೆ ತೋಟ ಬಿಟ್ಟು ಆಚೆ ಹೋಗಬೇಡಿ.

*ಹುಳು ತಿಂದ ಎಲೆಯಿಂದ ಹಬ್ಬವಾಯ್ತು*

ಮಂಡ್ಯದ ಕಬ್ಬಿಗ:
ಇದು ನಮ್ಮೂರಿನ ಸಮಸ್ಯೆ, ಗರಿಯಣ್ಣ. ತಗೊಳ್ಳಿ.

ಎಳೆಸೊಪ್ಪ ಮೆದ್ದು ಮೈ ತುಂಬಿ ನೂತಿತು ನೂಲ
ಎಳೆಯೆಳೆಯು ಕೂಡಲದೆ ಮಗಳ ಸೀರೆ
ಕಳಶದೆದುರುಟ್ಟು ನಿಲೆ ಯುಗಾದಿಯ ದಿನದಂದು
ಹುಳು ತಿಂದ ಎಲೆಯಿಂದ ಹಬ್ಬವಾಯ್ತು

ತೆಂಗಿನಗರಿ:
ರೇಷ್ಮೆ ಹುಳು! ಚೆನ್ನಾಗಿ ಹಿಡಿದಿರಿ. ಆದರೆ ಹಿಪ್ಪುನೇರಳೆ ಹೊಲದ ಬೆಳೆ ಅಲ್ವಾ? ನಾನು ಕೇಳಿದ್ದು ಮನೆ ತೋಟ.

ಮಂಡ್ಯದ ಕಬ್ಬಿಗ:
ನಮ್ಮ ಹಿತ್ತಲಲ್ಲಿ ಒಂದು ಹಿಪ್ಪುನೇರಳೆ ಮರವೇ ಆಗಿ ನಿಂತಿದೆ. ಮಕ್ಕಳು ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಂಡು ಬರ್ತಾರೆ. ನಮಗೆ ಅದೇ ಮನೆ ತೋಟ. ಮೈಸೂರಿನವರಿಗೆ ಕುಂಡದಲ್ಲಿದ್ದರೆ ಮಾತ್ರ ತೋಟ.

ಮರುಗದ ಕುಂಡ:
ಕಬ್ಬಿಗರೇ, ಪದ್ಯ ಹಿಡಿಸಿತು. ಒಂದೇ ಮಾತು. ಎಳೆ ಸೊಪ್ಪು ಚಾಕಿ (ಮರಿ) ಹುಳಕ್ಕೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ಬಲಿತ ಸೊಪ್ಪೇ ಹಾಕೋದು. ಮೈ ತುಂಬೋದು ಆಗಲೇ. ನನ್ನ ತವರಲ್ಲೂ ಹುಳ ಸಾಕ್ತಿದ್ರು.

ಮಂಡ್ಯದ ಕಬ್ಬಿಗ:
ಎಳೆ ಸೊಪ್ಪಿನಿಂದ ಶುರುವಾಗಿ ಮೈ ತುಂಬುವ ತನಕ ಒಂದೇ ಸಾಲಲ್ಲಿ ಹೇಳಿದ್ದೀನಿ, ಅಕ್ಕಾ. ನಡುವಿನ ಜ್ವರಗಳನ್ನೆಲ್ಲ ಸಾಲಿನ ಇಪ್ಪತ್ತು ಮಾತ್ರೆಯಲ್ಲಿ ಎಲ್ಲಿ ತುರುಕಲಿ?

ಮರುಗದ ಕುಂಡ:
ಸರಿ, ಒಪ್ಪಿದೆ. ನನ್ನದು ಇದು.

ತಳಿರೆಲ್ಲ ತೂತೆಂದು ಬೈದ ನಿಂಬೆಯ ಮೇಲೆ
ಬೆಳಗೆದ್ದು ನೋಡಿದೆನು ಚಿಟ್ಟೆ ಜೋಡಿ
ಒಳಮನೆಗೆ ಬಂದೊಂದು ಮಗುವ ಮೂಗಲಿ ಕೂರೆ
ಹುಳು ತಿಂದ ಎಲೆಯಿಂದ ಹಬ್ಬವಾಯ್ತು

ತೆಂಗಿನಗರಿ:
ಭೇಷ್ ಅಕ್ಕಾ.

ಹೊಸಚಿಗುರು:
ಆಹಾ. ನಿಂಬೆ ಗಿಡದ ಆ ಹುಳ ಮೊದಮೊದಲು ಹಕ್ಕಿ ಹಿಕ್ಕೆಯ ಹಾಗೇ ಕಾಣುತ್ತೆ. ದೊಡ್ಡದಾದ ಮೇಲೆ ಹಸಿರು. ನಾನು ಈಗ ಕರಿಬೇವಿನ ಮೇಲೆ ಇದ್ದವನ್ನೂ ಕೀಳೋದಿಲ್ಲ.

ಸರಸ್ವತಿಪುರಂ ಮೇಷ್ಟ್ರು:
ಮೂಗಿನ ಮೇಲಿನ ಚಿಟ್ಟೆ ಚೆಂದ. ಆದರೆ ಸಾಲುಗಳ ಎರಡನೇ ಅಕ್ಷರ ಒಂದೇ ಆಗಬೇಕಾದ ಪ್ರಾಸ ಕೆಟ್ಟಿದೆ. ಹುಳು ಹಳಗನ್ನಡದಲ್ಲಿ ಪುೞು, ಅಲ್ಲಿರೋದು ರಳ, ಈಗ ಬಿಟ್ಟುಹೋದ ೞ ಅಕ್ಷರ. ತಳಿರು, ಬೆಳಗು, ಒಳಮನೆ ಎಲ್ಲವೂ ಕುಳ, ಅಂದರೆ ಮೊದಲಿಂದಲೂ ಇರುವ ಅಚ್ಚಗನ್ನಡದ ಳ. ಕಬ್ಬಿಗರ ಎಳೆಸೊಪ್ಪೂ ಹಾಗೇ. ಬೇರೆ ಬೇರೆ ಅಕ್ಷರ ಇಟ್ಟು ಪ್ರಾಸ ಅಂದರೆ ಹೇಗೆ?

ಮಂಡ್ಯದ ಕಬ್ಬಿಗ:
ಬಂದ್ರಪ್ಪ! ಮೇಷ್ಟ್ರೇ, ಹೋದ ವರ್ಷ ಶಿಥಿಲದ್ವಿತ್ವಕ್ಕೆ (ತೇಲಿಸಿ ಉಚ್ಚರಿಸುವ ಒತ್ತಕ್ಷರಕ್ಕೆ) ನನ್ನ ಪದ್ಯ ಕೆಡವಿದಿರಿ. ಈ ವರ್ಷ ರಳ. ಈಗ ರಳ ಉಚ್ಚರಿಸೋರು ಮೈಸೂರಲ್ಲಿ ಯಾರಿದ್ದಾರೆ ತೋರಿಸಿ.

ಸರಸ್ವತಿಪುರಂ ಮೇಷ್ಟ್ರು:
ಉಚ್ಚಾರ ಹೋದರೂ ಪದದ ಹುಟ್ಟು ಹೋಗೋದಿಲ್ಲ. ಕೇಶಿರಾಜ ತನ್ನ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ರಳದ ಪದಗಳನ್ನು ಸುಮ್ನೆ ಪಟ್ಟಿ ಮಾಡಲಿಲ್ಲ.

ಮಂಡ್ಯದ ಕಬ್ಬಿಗ:
ನಾನೂ ಅದನ್ನೇ ಹೇಳೋದು. 13ನೇ ಶತಮಾನದಲ್ಲೇ ಪಟ್ಟಿ ಬೇಕಾಯಿತು ಅಂದರೆ ಆಗಲೇ ಜನ ಮರೀತಿದ್ದರು. ಮತ್ತೆ ರಳ ಬೇಕಾದರೆ ಪಕಾರವೂ ಬೇಕು. ‘ಪುೞು’ ಅಂತ ಹಳಗನ್ನಡದಲ್ಲೇ ಸಮಸ್ಯೆ ಕೊಡಿ, ಹಳಗನ್ನಡದಲ್ಲೇ ತುಂಬ್ತೀನಿ. ‘ಹಬ್ಬವಾಯ್ತು’ ಅನ್ನೋ ಸಾಲಿಗೆ ಆ ಕಟ್ಟು ಹಾಕಬೇಡಿ. ಹಕಾರ ಮಾತ್ರ ಹೊಸದು, ಳಕಾರ ಮಾತ್ರ ಹಳೇದು ಅನ್ನೋ ಕನ್ನಡ ಯಾವ ಊರಲ್ಲಿದೆ?

ಮರುಗದ ಕುಂಡ:
ಮೇಷ್ಟ್ರೇ, ಕಿವಿಗೆ ಎರಡೂ ಒಂದೇ ಕೇಳುತ್ತೆ. ಪ್ರಾಸ ಕಿವಿಯದು. ಬೆಳಗು ತೆಗೆಯಲ್ಲ ನಾನು.

ಸರಸ್ವತಿಪುರಂ ಮೇಷ್ಟ್ರು:
ತೆಗೀಬೇಡಿ ತಾಯಿ. ರಳದಲ್ಲೇ ಆಗುತ್ತೆ ಅಂತ ತೋರಿಸ್ತೀನಿ, ಅಷ್ಟೇ. ಮಳೆ, ಹಳೆ, ಕಳಿ, ಹುಳು, ನಾಲ್ಕೂ ರಳ.

ಮಳೆ ಬಿದ್ದ ಮರುದಿನವೆ ದಾಸವಾಳದ ಗಿಡದ
ಹಳೆರೆಂಬೆ ಸವರಿದೆನು ಬೇಸರದಲಿ
ಕಳಿದೊಂದು ತಿಂಗಳಲಿ ಮೊಗ್ಗು ಮೂಡಿತು ಕೋಟಿ
ಹುಳು ತಿಂದ ಎಲೆಯಿಂದ ಹಬ್ಬವಾಯ್ತು

ತೆಂಗಿನಗರಿ:
ಇದು ನಿಜವಾದ ತೋಟದ ಪದ್ಯ. ಸವರಿದರೇ ದಾಸವಾಳ ಹೊಸ ಚಿಗುರು ಹೊಡೆಯೋದು, ಹೂ ಬರೋದು ಆ ಹೊಸ ಚಿಗುರಲ್ಲೇ.

ಮಂಡ್ಯದ ಕಬ್ಬಿಗ:
ಪದ್ಯ ಗಟ್ಟಿ, ಒಪ್ತೀನಿ. ನಾಲ್ಕು ರಳ ಸಿಕ್ಕಿದ್ದು ನಿಮ್ಮ ಓದು. ಆದರೆ ನನ್ನ ‘ಎಳೆ’ ತಪ್ಪು ಅಂತ ಇದರಿಂದ ಸಾಬೀತಾಗಲಿಲ್ಲ. ಅಲ್ಲದೆ ‘ಕೋಟಿ’ ಮೊಗ್ಗು ಯಾವ ದಾಸವಾಳದಲ್ಲಿ?

ಸರಸ್ವತಿಪುರಂ ಮೇಷ್ಟ್ರು:
ಅತಿಶಯೋಕ್ತಿ ಅಲಂಕಾರ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಕಬ್ಬಿನ ಪಕ್ಕ ಬೆಳೆದವರಿಗೆ ಹೇಳಿಕೊಡಬೇಕಾ?

ಹೊಸಚಿಗುರು:
ನಡುವೆ ಬಂದೆ, ಬೈಬೇಡಿ. ನಮ್ಮ ದಾಸವಾಳಕ್ಕೆ ಬಂದಿದ್ದು ಹಿಟ್ಟು ತಿಗಣೆ.

ಬಿಳಿ ಹಿಟ್ಟು ತಿಗಣೆಗೆ ಬೇವಿನೆಣ್ಣೆಯ ಹೊಡೆದು
ಕಳೆ ಕಿತ್ತು ಸೋತೆ ನಾ ಸಂಜೆವರೆಗೆ
ಗಿಳಿ ಬಂದು ಹುಳ ಹೆಕ್ಕಿ ಹಾಡಿತೈ ಕೊಂಬೆಯಲಿ
ಹುಳು ತಿಂದ ಎಲೆಯಿಂದ ಹಬ್ಬವಾಯ್ತು

ಮಂಡ್ಯದ ಕಬ್ಬಿಗ:
ಬಾ ತಮ್ಮಾ. ಮೊದಲ ಸಾಲಲ್ಲಿ ಒಂದು ಮಾತ್ರೆ ಕಡಿಮೆ. ‘ತಿಗಣೆಗೂ’ ಮಾಡು, ಕೂತುಕೊಳ್ಳುತ್ತೆ.

ಮರುಗದ ಕುಂಡ:
ಮಾತ್ರೆ ಇರಲಿ. ಗಿಳಿ ಹುಳ ಹೆಕ್ಕುತ್ತಾ? ಅದಕ್ಕೆ ಹಣ್ಣು, ಕಾಳು ಬೇಕು. ನಮ್ಮ ಸೀಬೆ ಮರದಲ್ಲಿ ಒಂದು ಹಣ್ಣೂ ಉಳಿಸಿಲ್ಲ. ಎಲೆಯ ಹುಳ ಹೆಕ್ಕಿ ಮರಿಗೆ ಕೊಡೋದು ಪಿಕಳಾರ. ‘ಪುಳಕದಲಿ ಪಿಕಳಾರ ಹಾಡಿತೈ ಕೊಂಬೆಯಲಿ’ ಅನ್ನಿ.

ಹೊಸಚಿಗುರು:
ತಗೊಂಡೆ, ಅಕ್ಕಾ. ಬೇವಿನೆಣ್ಣೆ ಎಷ್ಟು ಹಾಕಬೇಕು?

ಮರುಗದ ಕುಂಡ:
ಒಂದು ಲೀಟರ್ ನೀರಿಗೆ 5 ಮಿಲಿ. ಚೂರು ಸೋಪಿನ ನೀರು ಸೇರಿಸಿ, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತೆ. ಸಂಜೆ ಹೊತ್ತು ಹೊಡೀರಿ, ಎಲೆಯ ತಳಕ್ಕೂ ಬೀಳಲಿ. ನಿಂಬೆ ಗಿಡದ ಕಡೆ ಮಾತ್ರ ಹೊಡೀಬೇಡಿ.

ಸರಸ್ವತಿಪುರಂ ಮೇಷ್ಟ್ರು:
‘ಪುಳಕ’ ಸಂಸ್ಕೃತದ ಪುಲಕ. ಅದು ಕ್ಷಳ, ಸಂಸ್ಕೃತದ ಲ ತಿರುಗಿ ಆದ ಳ. ಈಗ ಮೂರು ಳಕಾರವೂ ಸೇರಿದವು.

ಮಂಡ್ಯದ ಕಬ್ಬಿಗ:
ಹುಡುಗ ಮೊದಲ ಸಲ ಬರೆದಿದ್ದಾನೆ, ಬಿಡಿ ಸಾರ್!

ಸರಸ್ವತಿಪುರಂ ಮೇಷ್ಟ್ರು:
ಚೆನ್ನಾಗಿ ಬರೆದಿದ್ದಾನೆ ಅಂತಲೇ ಹೇಳ್ತಿರೋದು. ‘ಕಳೆ ಕಿತ್ತು ಸೋತೆ ನಾ’, ಇದು ನಮ್ಮೆಲ್ಲರ ಸಂಜೆ. ಚೆನ್ನಾಗಿಲ್ಲದ ಪದ್ಯಕ್ಕೆ ಅಕ್ಷರ ನೋಡುವ ಅಭ್ಯಾಸ ನನಗಿಲ್ಲ.

ತೆಂಗಿನಗರಿ:
ಈ ವಾರ ಚಿಟ್ಟೆ ಗೆದ್ದಿತು. ಮುಂದಿನ ಸಾಲು ಮರುಗದ ಅಕ್ಕ ಕೊಡಲಿ.

ಮರುಗದ ಕುಂಡ:
*ನೀರಿಲ್ಲದಿರೆ ಕುಂಡ ತುಂಬಿ ಬಂತು*

ಎರಡನೇ ಅಕ್ಷರ ರಕಾರ. ಳಕಾರದ ಜಗಳ ಇಲ್ಲ.

ಸರಸ್ವತಿಪುರಂ ಮೇಷ್ಟ್ರು:
ಹಳಗನ್ನಡದ ಇನ್ನೊಂದು ರಕಾರ, ಶಕಟರೇಫದ ಱ, ಮರೆತಿರಾ?

ಮಂಡ್ಯದ ಕಬ್ಬಿಗ:
ಕಾಯ್ತಿದ್ದೆ, ಮೇಷ್ಟ್ರೇ. ಈ ಸಲ ರಾತ್ರಿಯೊಳಗೆ ಮೂರು ಪದ್ಯ ಹಾಕ್ತೀನಿ. ಒಂದೊಂದನ್ನೂ ನೋಡಿ.