ಅಜಿತಾಮ: ಹೊರಗೆ ಬರೀ ಉಪ್ಪು, ಒಳಗೆ ನೀರು ನೀರು. ಎಲ್ಲಿ ಎಡವಟ್ಟು?

ಅರೆಬೆಂದವ, ಬೆಂಗಳೂರು:
ಜಪಾನಿ ನೂಡಲ್ಸ್ ಸೂಪು ರಾಮೆನ್ ಬಟ್ಟಲಿನ ಮೇಲೆ ಹೋಳು ಮಾಡಿ ಇಡ್ತಾರಲ್ಲ, ಸೋಯಾದಲ್ಲಿ ನೆನೆಸಿದ ಮೊಟ್ಟೆ, ಅಜಿತಾಮ. ಮನೆಯಲ್ಲಿ ಮಾಡಿದರೆ ಸರಿ ಬರ್ತಿಲ್ಲ. ಜಪಾನಿ ವಿಡಿಯೊದಲ್ಲಿ ಹೇಳಿದಂತೆ ಆರೂವರೆ ನಿಮಿಷ ಕುದಿಸಿದೆ. ಫ್ರಿಜ್‌ನಿಂದ ತೆಗೆದ 6 ಮೊಟ್ಟೆ, ಚಿಕ್ಕ ಪಾತ್ರೆ, ಮುಳುಗುವಷ್ಟೇ ನೀರು. ಹಳದಿ ಸೋರುತ್ತೆ, ಅದರ ಸುತ್ತಲಿನ ಬಿಳಿಯೂ ಲೋಳೆ. ಸಿಪ್ಪೆ ಜೊತೆ ಬಿಳಿ ಕಿತ್ತು ಬರುತ್ತೆ. ಮಿರಿನ್ (ಅಡುಗೆಗೆ ಹಾಕುವ ಜಪಾನಿ ಸಿಹಿ ಅಕ್ಕಿ ಮದ್ಯ) ಸಿಗಲಿಲ್ಲ, ಅದಕ್ಕೆ ಡಾರ್ಕ್ ಸೋಯಾ ಸಾಸನ್ನೇ ಸುರಿದು ರಾತ್ರಿಯಿಡೀ ಇಟ್ಟೆ. ಬಣ್ಣ ಕಪ್ಪು, ಹೊರಗೆ ಉಪ್ಪು, ಕಚ್ಚಿದರೆ ರಬ್ಬರ್. ಬೆಂಗಳೂರು ಎತ್ತರದಲ್ಲಿದೆ, ಅದಕ್ಕೇ ಬೇಯಲ್ಲ ಅಂತಾನೆ ಗೆಳೆಯ. ನಿಜಾನಾ?

ಸಾರಿನಸೌಟು:
ಗೆಳೆಯ ಹೇಳಿದ್ದು ಅರ್ಧ ನಿಜ. ಬೆಂಗಳೂರು ಸುಮಾರು 920 ಮೀಟರ್ ಎತ್ತರ, ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ. ಟೋಕಿಯೊ, ಒಸಾಕಾ ಕಡಲ ಮಗ್ಗುಲಲ್ಲಿವೆ, ಅಲ್ಲಿ 100. ಈ ವ್ಯತ್ಯಾಸಕ್ಕೆ ಅರ್ಧ ನಿಮಿಷ ಹೆಚ್ಚು ಬೇಕು, ಅಷ್ಟೇ. ಆದರೆ ಜಪಾನಿನಲ್ಲಿ ಎಲ್ ಗಾತ್ರದ ಮೊಟ್ಟೆ ಅಂದರೆ 64ರಿಂದ 70 ಗ್ರಾಂ. ನಮ್ಮ ಅಂಗಡಿಯದು 50-55 ಗ್ರಾಂ ತೂಗಿದರೆ ಹೆಚ್ಚು. ಚಿಕ್ಕ ಮೊಟ್ಟೆಯ ನಡುವಿಗೆ ಬಿಸಿ ಬೇಗ ತಲುಪುತ್ತೆ. ಎತ್ತರ ಕಸಿದುಕೊಂಡದ್ದಕ್ಕಿಂತ ಗಾತ್ರ ಕೊಟ್ಟದ್ದೇ ಜಾಸ್ತಿ! ಲೆಕ್ಕದ ಪ್ರಕಾರ ನಿಮ್ಮದು ಹೆಚ್ಚೇ ಬೇಯಬೇಕಿತ್ತು.

ಹಾಗಾಗಿ ನನಗೆ ಅನುಮಾನ ನೀರಿನ ಮೇಲೆ. ತಣ್ಣಗಿನ 6 ಮೊಟ್ಟೆ ಒಟ್ಟಿಗೆ ಬಿದ್ದ ಕೂಡಲೇ ಅಷ್ಟು ಕಡಿಮೆ ನೀರಿನ ಕುದಿ ಸತ್ತುಹೋಗುತ್ತೆ. ಮತ್ತೆ ಕುದಿ ಬರುವ ಹೊತ್ತಿಗೆ ನಿಮ್ಮ ಆರೂವರೆಯಲ್ಲಿ ಒಂದು ಭಾಗ ಮುಗಿದಿರುತ್ತೆ. ಬಿಳಿ ಭಾಗ 62 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟಲು ಶುರುವಾದರೂ ಗಟ್ಟಿಯಾಗಲು 80ರ ಹತ್ತಿರ ಹೋಗಬೇಕು. ಹಳದಿ 65ಕ್ಕೆ ಮಂದವಾಗಿ 70ಕ್ಕೆ ಕೂತುಬಿಡುತ್ತೆ. ಹೊರಗಿನದು ಪೂರ್ತಿ ಬೇಯಬೇಕು, ನಡುವಿನದು 70 ಮುಟ್ಟಬಾರದು. ಇದಕ್ಕೆ ಜೋರು ಬಿಸಿ, ಕಡಿಮೆ ಹೊತ್ತು ಬೇಕು.

6 ಮೊಟ್ಟೆಗೆ 2 ಲೀಟರ್ ನೀರಿಡಿ. ಕೊತಕೊತ ಕುದಿಯುವಾಗ ಸೌಟಿನಲ್ಲಿ ಒಂದೊಂದಾಗಿ ಇಳಿಸಿ, ಉರಿ ತಗ್ಗಿಸಬೇಡಿ. ಆರು ನಿಮಿಷಕ್ಕೆ ಒಂದನ್ನು ತೆಗೆದು ಕೊಯ್ದು ನೋಡಿ, ಉಳಿದವುಗಳ ಸಮಯ ಅದರ ಮೇಲೆ ನಿರ್ಧರಿಸಿ. ತೆಗೆದ ತಕ್ಷಣ ಐಸ್ ನೀರಿಗೆ ಹಾಕಿ, ಇಲ್ಲದಿದ್ದರೆ ಒಳಗಿನ ಬಿಸಿಗೇ ಬೇಯುತ್ತಾ ಹೋಗುತ್ತೆ.

ತವೆಯಮೇಲೆ, ಧಾರವಾಡ:
ತತ್ತಿ ಎಲ್ಲಿಂದ ತಂದೀರಿ? ಫಾರ್ಮ್‌ನಿಂದ ಅವತ್ತೇ ತಂದಿದ್ರ ಸಿಪ್ಪಿ ಸರಳ ಬಿಡಂಗಿಲ್ಲ ನೋಡ್ರಿ. ತಾಜಾ ತತ್ತಿ ಬಿಳಿಯೊಳಗ ಇಂಗಾಲದ ಡೈಆಕ್ಸೈಡ್ ಇರ್ತದ, ಅದು ಸಿಪ್ಪಿ ಒಳಗಿನ ಪೊರೆಗೆ ಅಂಟಿಕೊಳ್ತದ. ದಿನಾ ಹೋದಂಗ ಆ ಅನಿಲ ಸಿಪ್ಪಿಯ ಸಣ್ಣ ತೂತಿನಿಂದ ಹೊರಗ ಹೋಗಿ ಹಿಡಿತ ಸಡಿಲ ಆಗ್ತದ. ಒಂದು ವಾರ ಫ್ರಿಜ್‌ನ್ಯಾಗ ಇಟ್ಟ ತತ್ತಿ ತಗೋರಿ. ದಪ್ಪ ತುದಿಗೆ ಗಾಳಿ ಗೂಡು ಇರ್ತದಲ್ಲ, ಅಲ್ಲಿ ಸೂಜಿಯಿಂದ ಚುಚ್ಚಿದ್ರ ಒಡಿಯೋದು ಕಡಿಮಿ. ಸುಲಿಯೋದೂ ಅಲ್ಲಿಂದನ ಶುರು ಮಾಡ್ರಿ, ನೀರೊಳಗ.

ಮಸಾಲೆಡಬ್ಬಿ:
ಕುದಿಯುವ ನೀರಿಗೆ ವಿನೆಗರ್ ಹಾಕಿ, ಸಿಪ್ಪೆ ತಾನೇ ಬಿಡುತ್ತೆ.

ತವೆಯಮೇಲೆ, ಧಾರವಾಡ:
ಆರು ನಿಮಿಷದಾಗ ಏನೂ ಆಗಂಗಿಲ್ಲ ರೀ, ಅಡಿಗಿಮನಿ ನಾರತದ ಅಷ್ಟ.

ಕನ್ಸಾಯ್‌ಕಡೆಯವ, ಒಸಾಕಾ:
ರಬ್ಬರ್ ಆಗಿದ್ದು ಸೋಯಾದಿಂದ. ನೀವು ಹಾಕಿದ್ದು ಚೀನೀ ಶೈಲಿಯದು, ಬಣ್ಣ ಹೆಚ್ಚಾಗಿ ಕ್ಯಾರಮೆಲ್‌ನಿಂದ ಬರುತ್ತೆ. ಇಲ್ಲಿ ದಿನಬಳಕೆಗೆ ಕೊಯ್‌ಕುಚಿ, ಅಂದರೆ ಕಡು ಬಣ್ಣದ ಜಪಾನಿ ಸೋಯಾ. ಅದರಲ್ಲೇ ಸುಮಾರು 16% ಉಪ್ಪಿರುತ್ತೆ. ನೀರು ಬೆರೆಸದೆ ಸುರಿದರೆ ಉಪ್ಪು ಬಿಳಿ ಭಾಗದ ನೀರನ್ನು ಹೀರಿಬಿಡುತ್ತೆ. ತಿಳಿ ಬಣ್ಣದ ಉಸುಕುಚಿ ಸೌಮ್ಯ ಇರಬಹುದು ಅಂತ ಅದಕ್ಕೆ ಕೈ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಬಾಟಲಿಯ ಹಿಂದೆ ಸೋಯಾ ಕಾಳು, ಗೋಧಿ, ಉಪ್ಪು, ನೀರು ಇಷ್ಟೇ ಇದ್ದರೆ ಕೊಳ್ಳಿ.

ನನ್ನ ಅಳತೆ: ಸೋಯಾ 100 ಮಿ.ಲೀ., ಮಿರಿನ್ 100, ನೀರು 150. ಮಿರಿನ್‌ನಲ್ಲಿ ಸುಮಾರು 14% ಮದ್ಯಸಾರ ಇರೋದರಿಂದ ಅದನ್ನು ಮೊದಲು ಒಂದೆರಡು ನಿಮಿಷ ಕುದಿಸ್ತೀನಿ. ಸಿಗದಿದ್ದರೆ, ಅಥವಾ ಮನೆಯಲ್ಲಿ ಬೇಡ ಅಂದರೆ, ಅದರ ಬದಲು 100 ಮಿ.ಲೀ. ನೀರಿಗೆ 30 ಗ್ರಾಂ ಸಕ್ಕರೆ. ಘಮ ಸ್ವಲ್ಪ ಕಡಿಮೆಯಾಗುತ್ತೆ, ಕೆಲಸ ನಡೆಯುತ್ತೆ. ಒಂದು ತುಂಡು ಶುಂಠಿ ಹಾಕಿದರೆ ನನಗಿಷ್ಟ. ಮುಖ್ಯ: ಈ ನೀರು ಪೂರ್ತಿ ಆರಿದ ಮೇಲೆಯೇ ಮೊಟ್ಟೆ ಹಾಕಿ. ಬಿಸಿಯಿದ್ದರೆ ಹಳದಿ ಅಲ್ಲೇ ಗಟ್ಟಿಯಾಗುತ್ತೆ.

ಜಿಪ್ ಚೀಲದಲ್ಲಿ ಗಾಳಿ ಹೊರಗೆ ಒತ್ತಿ ಇಟ್ಟರೆ ಕಡಿಮೆ ರಸದಲ್ಲೇ ಎಲ್ಲ ಮುಳುಗುತ್ತೆ. ಡಬ್ಬಿಯಲ್ಲಾದರೆ ಮೇಲೆ ಕಿಚನ್ ಪೇಪರ್ ಹೊದಿಸಿ, ತೇಲಿದ ಬೆನ್ನಿಗೂ ಬಣ್ಣ ಹಿಡಿಯುತ್ತೆ. ಫ್ರಿಜ್‌ನಲ್ಲಿ 8ರಿಂದ 12 ಗಂಟೆ. ಹೆಚ್ಚು ಹೊತ್ತು ಬಿಟ್ಟರೆ ಉಪ್ಪು ಹಳದಿಗೂ ಇಳಿದು ಅದು ಅಂಟಂಟಾಗುತ್ತೆ, ಕೆಲವರಿಗೆ ಅದೇ ಇಷ್ಟ.

ಹಳದಿ ಫೋಟೊದಷ್ಟು ಕೇಸರಿ ಬರಲಿಲ್ಲ ಅಂತ ಕೊರಗಬೇಡಿ. ಇಲ್ಲಿ ಕೋಳಿ ಮೇವಿಗೆ ಕೆಂಪು ಮೆಣಸಿನಂಥ ಪ್ಯಾಪ್ರಿಕಾ ಬೆರೆಸುವುದುಂಟು. ಬಣ್ಣ ಮೇವಿನದು, ರುಚಿಯದಲ್ಲ.

ಅರೆಬೆಂದವ, ಬೆಂಗಳೂರು:
ದೊಡ್ಡ ಪಾತ್ರೆ, ಹಳೇ ಮೊಟ್ಟೆ, ಆರು ನಿಮಿಷ. ಈ ಸಲ ಬಿಳಿ ಗಟ್ಟಿ, ಹಳದಿ ಜಾಮ್! ಸಿಪ್ಪೆಯೂ ಸಲೀಸು. ಆದರೆ ಹಳದಿ ಒಂದು ಪಕ್ಕಕ್ಕೆ ವಾಲಿದೆ, ಆ ಕಡೆ ಬಿಳಿ ತೆಳುವಾಗಿ ಒಂದು ಹರಿದೂ ಹೋಯ್ತು. ಅಜ್ಜಿಗೂ ಕೊಡಬಹುದಾ? ಉಳಿದ ರಸ ಏನು ಮಾಡಲಿ?

ಸಾರಿನಸೌಟು:
ಮೊದಲ ಎರಡು ನಿಮಿಷ ನೀರನ್ನು ಮೆಲ್ಲಗೆ ಒಂದೇ ದಿಕ್ಕಿಗೆ ತಿರುಗಿಸುತ್ತಿರಿ. ಮೊಟ್ಟೆ ಉರುಳುತ್ತಿದ್ದರೆ ಹಳದಿ ಒಂದೇ ಕಡೆ ತೇಲಿ ನಿಲ್ಲಲ್ಲ, ಅಷ್ಟರಲ್ಲಿ ಸುತ್ತಲಿನ ಬಿಳಿ ಹಿಡಿದುಕೊಳ್ಳುತ್ತೆ. ಮೊಟ್ಟೆ ಹಳೆಯದಾದಷ್ಟೂ ಇದು ಹೆಚ್ಚು ಬೇಕು, ಬಿಳಿ ನೀರಾಗಿರುತ್ತಲ್ಲ.

ಕನ್ಸಾಯ್‌ಕಡೆಯವ, ಒಸಾಕಾ:
ಅಜ್ಜಿಗೆ ಬೇಡ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೂ ಬೇಡ. ಜಪಾನಿನಲ್ಲಿ ಪೊಟ್ಟಣದ ಮೇಲಿನ ದಿನಾಂಕವೇ ಹಸಿಯಾಗಿ ತಿನ್ನುವ ಲೆಕ್ಕದ್ದು, ನಮ್ಮೂರ ಮೊಟ್ಟೆಗೆ ಆ ಭರವಸೆ ಇಲ್ಲ. ಅರೆಬೆಂದ ಹಳದಿಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿಯಬಹುದು. ಅವರಿಗೆ 11 ನಿಮಿಷ ಬೇಯಿಸಿ ಅದೇ ರಸದಲ್ಲಿ ನೆನೆಸಿ. ಮಾಡಿದ್ದನ್ನು ಮೂರು ದಿನದೊಳಗೆ ಮುಗಿಸಿ. ರಸವನ್ನು ಚೆನ್ನಾಗಿ ಕುದಿಸಿ ಹುರಿದ ಅನ್ನಕ್ಕೋ ತರಕಾರಿಗೋ ಹಾಕಿ, ಎರಡನೇ ಸಲ ಮೊಟ್ಟೆಗೆ ಬೇಡ.

ತವೆಯಮೇಲೆ, ಧಾರವಾಡ:
ಚಾಕು ಹಾಕಬ್ಯಾಡ್ರಿ, ಹಳದಿ ಮೆತ್ತಿಕೊಳ್ತದ. ಹೊಲಿಯೋ ನೂಲು ಸುತ್ತಿ ಎಳೀರಿ.