ತದ್ರೂಪಿಗಳ ಕಥೆಯಲ್ಲಿ 'ಎಲ್ಲರೂ ಒಂದೇ' ಅನ್ನೋದು ಎಲ್ಲಿಯವರೆಗೆ ನಡೆಯುತ್ತೆ?

ನೀಲಿಶಾಯಿ:
ವೈಜ್ಞಾನಿಕ ಕಥೆಯೊಂದರ ಹಂದರ ಹೀಗಿದೆ. ಗಣಿ ಕಂಪನಿಯೊಂದು ಒಬ್ಬ ಹೆಂಗಸಿನ ಚರ್ಮದ ಕೋಶದಿಂದ 60 ತದ್ರೂಪಿಗಳನ್ನು (ಕ್ಲೋನ್‌ಗಳನ್ನು) ಬೆಳೆಸುತ್ತದೆ. ಮುಖ, ಬೆರಳಚ್ಚು, ಡಿಎನ್‌ಎ ಎಲ್ಲ ಒಂದೇ. ಒಂದು ಕೊಲೆಯಾಗುತ್ತದೆ, ಮಾಡಿದವಳು ಯಾರೆಂದು ಪತ್ತೆಯಾಗುವುದಿಲ್ಲ. ಕೊನೆಗೆ 'ನಾನು' ಅನ್ನುವುದೇ ಅವರಲ್ಲಿ ಅಳಿಸಿಹೋಗುತ್ತದೆ. ವಿಜ್ಞಾನ ಎಲ್ಲಿ ಕೈಕೊಡುತ್ತದೆ, ತಿಳಿದವರು ಹೇಳಿ.

ಕೋಶಕೇಂದ್ರ:
ಮೊದಲು ಬೆರಳಚ್ಚಿನಲ್ಲೇ. ಬೆರಳ ಗೆರೆಗಳು ಬಸಿರಿನ ಮೂರು-ನಾಲ್ಕನೇ ತಿಂಗಳಲ್ಲಿ ಮೂಡುತ್ತವೆ. ಅದಕ್ಕೆ ಜೀನ್ ಒಂದೇ ಸಾಲದು, ಗರ್ಭದೊಳಗಿನ ಒತ್ತಡ, ಬೆರಳ ತುದಿ ಬೆಳೆಯುವ ವೇಗ ಎಲ್ಲವೂ ಸೇರುತ್ತವೆ. ಹಾಗಾಗಿ ತದ್ರೂಪಿ ಅವಳಿಗಳ ಬೆರಳಚ್ಚೂ ಬೇರೆ, ಕಣ್ಣಿನ ಬಣ್ಣದ ವರ್ತುಲವಾದ ಐರಿಸ್ಸೂ ಬೇರೆ. ಆಧಾರ್ ಯಂತ್ರದ ಮುಂದೆ ನಿಮ್ಮ 60 ಜನ 60 ಜನರೇ. ಕೊಲೆಗಾತಿಗೆ ಕೈಗವಸು ಹಾಕಿಸಿ, ಒಂದು ಹನಿ ರಕ್ತ ಮಾತ್ರ ಬಿಡಿಸಿ. ಅಮೆರಿಕದ ಪೊಲೀಸ್ ಡೇಟಾಬೇಸಿನಂತೆ ಡಿಎನ್‌ಎಯ 20 ಜಾಗ ನೋಡುವ ಪರೀಕ್ಷೆಗೆ ಅವರೆಲ್ಲ ಒಬ್ಬಳೇ. ಆದರೆ ಇಡೀ ಜೀನೋಮ್ ಓದಿಸಿದರೆ ಭ್ರೂಣ ಬೆಳೆಯುವಾಗ ಮೂಡಿದ ಸಣ್ಣ ರೂಪಾಂತರಗಳು ಸಿಕ್ಕಿಬೀಳಬಹುದು. ಆ ಬಾಗಿಲು ಮುಚ್ಚಬೇಕಾದರೆ ಮಾದರಿಯನ್ನು ಬಿಸಿಲಿನಲ್ಲಿ ಕೆಡಿಸಿಬಿಡಿ.

ಮಂಗನಕಾಯಿ:
ಲೆಕ್ಕ ನೋಡಿದ್ದೀರಾ? ತದ್ರೂಪಿ ಕುರಿ ಡಾಲಿ 1996ರಲ್ಲಿ ಹುಟ್ಟಿದ್ದು 277 ಅಂಡಾಣುಗಳಿಗೆ ಮೂಲ ಕುರಿಯ ಕೋಶಕೇಂದ್ರ (ಕೋಶದಲ್ಲಿ ಡಿಎನ್‌ಎ ಇರುವ ಭಾಗ) ಸೇರಿಸಿದ ಮೇಲೆ. ಚೀನಾದಲ್ಲಿ ಜಾಂಗ್ ಜಾಂಗ್, ಹ್ವಾ ಹ್ವಾ ಎಂಬ ಎರಡು ತದ್ರೂಪಿ ಮಂಗಗಳಿಗೆ 79 ಭ್ರೂಣ, 21 ಬಾಡಿಗೆ ತಾಯಂದಿರು ಬೇಕಾದರು. ಆ ದರದಲ್ಲಿ 60 ಮಕ್ಕಳಿಗೆ 2,370 ಭ್ರೂಣ, 630 ತಾಯಂದಿರು. ಅದೂ ಭ್ರೂಣದ ಕೋಶ ಬಳಸಿದಾಗ. ಬೆಳೆದ ಮಂಗದ ಕೋಶದಿಂದ ಹುಟ್ಟಿದ ಎರಡು ಮರಿಗಳು ಬೇಗನೆ ಸತ್ತವು. ಆದ್ದರಿಂದ 'ಚರ್ಮದ ಕೋಶ' ತೆಗೆದು, ಗರ್ಭಪಾತವಾದ ಭ್ರೂಣದ ಕೋಶ ಅನ್ನಿ. ಇನ್ನೊಂದು, 60 ಹೆರಿಗೆಗಳು ವರ್ಷಗಟ್ಟಲೆ ಹರಡುತ್ತವೆ. ಆರು ವರ್ಷದವಳನ್ನೂ ಇಪ್ಪತ್ತರವಳನ್ನೂ ಯಾರೂ ಒಬ್ಬಳೆಂದುಕೊಳ್ಳುವುದಿಲ್ಲ. ಭ್ರೂಣಗಳನ್ನು ಶೈತ್ಯದಲ್ಲಿಟ್ಟು ಒಂದೇ ಸಲಕ್ಕೆ ಬಿತ್ತಬೇಕು.

ಕೋಶಕೇಂದ್ರ:
ಹೆಣ್ಣು ಪಾತ್ರ ಅಂದಿದ್ದೀರಲ್ಲ, ಅಲ್ಲಿ ಒಂದು ನಿಧಿ ಇದೆ. 2001ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ತದ್ರೂಪಿ ಬೆಕ್ಕು ಸಿಸಿಗೆ ಮೂಲ ಬೆಕ್ಕಿನ ಕಿತ್ತಳೆ ಮಚ್ಚೆ ಬರಲೇ ಇಲ್ಲ. ಕಿತ್ತಳೆ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡರಲ್ಲೊಂದು ಎಕ್ಸ್ ಮುಚ್ಚಿರುತ್ತದೆ, ಮೂಲ ಕೋಶದಲ್ಲಿ ಮುಚ್ಚಿದ್ದು ಮರಿಯಲ್ಲೂ ತೆರೆಯಲಿಲ್ಲ. ನಿಮ್ಮ ಮೂಲ ಹೆಂಗಸಿನ ಒಂದು ಎಕ್ಸ್‌ನಲ್ಲಿ ಕೆಂಪು-ಹಸಿರು ಬಣ್ಣಗುರುಡಿನ ಜೀನ್ ಇಡಿ. ಒಂದು ಎಕ್ಸ್ ಮುಚ್ಚುವ ಆ ಬೀಗ ಪ್ರತಿ ಭ್ರೂಣದಲ್ಲೂ ಹೊಸದಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ, ಕೆಲವರಿಗೆ ಬಣ್ಣ ಕಾಣುತ್ತದೆ, ಒಬ್ಬಿಬ್ಬರಿಗೆ ಕಾಣುವುದಿಲ್ಲ. ತದ್ರೂಪಿ ಅವಳಿ ಸೋದರಿಯರಲ್ಲಿ ಹೀಗಾದ ದಾಖಲೆ ಇದೆ. ಕೆಂಪು ಸ್ವಿಚ್ಚೋ ಹಸಿರೋ ಎಂದು ತಡವರಿಸಿದವಳೇ ಕೊಲೆಗಾತಿ.

ಹಳೇಪೆನ್ನು:
ಪತ್ತೇದಾರಿ ಸರಿಹೋಯಿತು. 'ನಾನು' ಅಳಿಸುವ ಭಾಗ ಮಾತ್ರ ಹಾಗೇ ಉಳಿದಿದೆ. ನೆನಪು ಜೀನಿನಲ್ಲಿ ಬರುವುದಿಲ್ಲ, ಮುಖ ಒಂದಾದ ಮಾತ್ರಕ್ಕೆ ಯಾರೂ ತನ್ನನ್ನು ಮರೆಯುವುದೂ ಇಲ್ಲ. ಅಳಿಸಬೇಕಾದರೆ ಅಂಗಾಂಗದ ದಾರಿ ಹಿಡಿಯಿರಿ. ಬಾಸ್ಟನ್‌ನಲ್ಲಿ 1954ರಲ್ಲಿ ಮೊದಲ ಕಿಡ್ನಿ ಕಸಿ ಗೆದ್ದದ್ದು ತದ್ರೂಪಿ ಅವಳಿಗಳ ನಡುವೆಯೇ, ದೇಹ ಅದನ್ನು ತಿರಸ್ಕರಿಸಲಿಲ್ಲ. ಗಣಿಯಲ್ಲಿ ಒಬ್ಬಳ ಕಿಡ್ನಿ ಹೋದರೆ ಪಕ್ಕದವಳದ್ದು ತೆಗೆದು ಹಾಕುತ್ತಾರೆ, ಹೆಸರಿನ ಬದಲು ಭಾಗಗಳ ರಿಜಿಸ್ಟರ್ ಇರುತ್ತದೆ. 'ಇದು ಯಾರ ಕೈ' ಅನ್ನುವ ಪ್ರಶ್ನೆ ಆಗ ತಾನಾಗೇ ಏಳುತ್ತದೆ.

ನೀಲಿಶಾಯಿ:
ರಿಜಿಸ್ಟರ್ ಎತ್ತಿಕೊಂಡೆ! ಹಾಗಾದರೆ ಕಂಪನಿ ಮುಳುಗುವುದು ಹೇಗೆ?

ಮಂಗನಕಾಯಿ:
ರೋಗದಿಂದ. ನಂಜನಗೂಡು ರಸಬಾಳೆಯನ್ನು ನೋಡಿ. ಕಂದು (ಬುಡದಲ್ಲಿ ಏಳುವ ಮರಿ) ನೆಟ್ಟೇ ಬೆಳೆಸುವುದರಿಂದ ಎಲ್ಲ ಗಿಡವೂ ತದ್ರೂಪಿ, ಪನಾಮ ಸೊರಗು ರೋಗ ಒಂದಕ್ಕೆ ಹತ್ತಿದರೆ ತೋಟಕ್ಕೇ ಹತ್ತಿತು. ರೋಗಾಣುವನ್ನು ಗುರುತಿಸಲು ದೇಹಕ್ಕೆ ನೆರವಾಗುವ ಎಚ್‌ಎಲ್‌ಎ ಜೀನ್‌ಗಳೂ ನಿಮ್ಮ 60 ಜನರಲ್ಲಿ ಒಂದೇ. ಅವು ಗುರುತಿಸಲಾರದ ವೈರಸ್ ಒಂದನ್ನು ತಂದುಬಿಡಿ. ಎಲ್ಲರನ್ನೂ ಮಾತ್ರ ಸಾಯಿಸಬೇಡಿ. ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳಲ್ಲಿ ರೋಗಾಣುವನ್ನು ಗುರುತಿಸುವ ಗ್ರಾಹಿಗಳು ಪ್ರತಿಯೊಬ್ಬರಲ್ಲೂ ಬೇರೆ ಬೇರೆಯಾಗಿ ಕಲಸಿಕೊಳ್ಳುತ್ತವೆ, ಮೂರ್ನಾಲ್ಕು ಜನ ಉಳಿಯುವುದು ವಿಜ್ಞಾನಕ್ಕೂ ಒಪ್ಪುತ್ತದೆ.