ಸಣ್ಣ ಉದ್ಯಮಕ್ಕೆ ಕಡಿಮೆ ಖರ್ಚಿನಲ್ಲಿ ಬ್ರೋಷರ್ ಮಾಡಿಸುವುದು ಹೇಗೆ?

ಪ್ರಶ್ನೆ:
ಮರದ ಪೀಠೋಪಕರಣಗಳನ್ನು ದುರಸ್ತಿ ಮಾಡಿಕೊಡುವ ಸಣ್ಣ ಉದ್ಯಮ ನನ್ನದು. ನಮ್ಮ ಕೆಲಸವನ್ನು ಪರಿಚಯಿಸಲು ಎ4 ಹಾಳೆಯನ್ನು ಮೂರು ಭಾಗವಾಗಿ ಮಡಚಿದ ಬಣ್ಣದ ಬ್ರೋಷರ್ ಬೇಕಾಗಿದೆ. ನನಗೆ 300 ಪ್ರತಿಗಳು ಸಾಕು. ಆದರೆ 1000 ಮಾಡಿಸಿದರೆ ಒಂದೊಂದರ ದರ ಬಹಳ ಇಳಿಯುತ್ತದೆ ಎಂದು ಮುದ್ರಣಾಲಯದವರು ಹೇಳುತ್ತಾರೆ. ಹಾಗೆ ಮಾಡಿಸುವುದು ಲಾಭಕರವೇ? ಗುಣಮಟ್ಟ ಕೆಡದಂತೆ ಖರ್ಚು ತಗ್ಗಿಸುವ ಬೇರೆ ದಾರಿಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:
ಅವರ ಮಾತು ಆಫ್‌ಸೆಟ್ ಮುದ್ರಣದ ಮಟ್ಟಿಗೆ ನಿಜ. ಅದರಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಈ ನಾಲ್ಕು ಶಾಯಿಗಳಿಗೂ ಬೇರೆ ಬೇರೆ ಪ್ಲೇಟ್ (ಮುದ್ರಿಸಬೇಕಾದ ಚಿತ್ರವನ್ನು ಹೊತ್ತ ತಗಡು) ಮಾಡಿಸಬೇಕು, ಬಣ್ಣ ಹದಕ್ಕೆ ಬರುವವರೆಗೆ ಒಂದಷ್ಟು ಹಾಳೆಗಳೂ ವ್ಯರ್ಥವಾಗುತ್ತವೆ. ಎಷ್ಟೇ ಪ್ರತಿ ತೆಗೆದರೂ ಈ ಆರಂಭದ ಖರ್ಚು ತಪ್ಪದಿರುವುದರಿಂದ, ಪ್ರತಿಗಳು ಹೆಚ್ಚಿದಂತೆಲ್ಲ ಅದು ಹಂಚಿಹೋಗಿ ದರ ಇಳಿದಂತೆ ಕಾಣುತ್ತದೆ. ಡಿಜಿಟಲ್ ಮುದ್ರಣಕ್ಕೆ ಪ್ಲೇಟ್ ಬೇಕಿಲ್ಲವಾದ್ದರಿಂದ 300 ಪ್ರತಿಗಳಿಗೆ ಸಾಮಾನ್ಯವಾಗಿ ಅದೇ ಅಗ್ಗ. ಬಿಡಿ ದರವನ್ನಲ್ಲ, ಕೊಡಬೇಕಾದ ಒಟ್ಟು ಮೊತ್ತವನ್ನು ಹೋಲಿಸಿ ನೋಡಿ. ಫೋನ್ ಸಂಖ್ಯೆಯೊಂದು ಬದಲಾದರೆ ಉಳಿದ 700 ಪ್ರತಿಗಳೂ ರದ್ದಿಗೆ ಹೋಗುತ್ತವೆ.

ಹಲವು ಗ್ರಾಹಕರ ಕೆಲಸಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಆಫ್‌ಸೆಟ್‌ನಲ್ಲಿ ಮುದ್ರಿಸುವ ಕ್ರಮವೂ ಇದೆ. ಪ್ಲೇಟಿನ ಖರ್ಚು ಎಲ್ಲರಲ್ಲೂ ಹಂಚಿಕೆಯಾಗುತ್ತದೆ. ಆದರೆ ನಿಮ್ಮೊಬ್ಬರ ಬಣ್ಣಕ್ಕಾಗಿ ಯಂತ್ರವನ್ನು ಹೊಂದಿಸುವುದಿಲ್ಲ. ಮರದ ಹೊಳಪನ್ನೇ ತೋರಿಸಬೇಕಾದ ನಿಮಗೆ ಇದನ್ನು ನಾನು ಸೂಚಿಸಲಾರೆ.

ಉತ್ತರ 2:
ಕಾಗದ ಮತ್ತು ಮಡಿಕೆಯ ಕಡೆಗೂ ಗಮನವಿರಲಿ. ದಪ್ಪ ಕಾಗದವಿದ್ದರೆ ಗೌರವ ಹೆಚ್ಚು ಎಂಬ ಭಾವನೆ ಹಲವರಲ್ಲಿದೆ. ಆದರೆ ಮಡಚುವ ಬ್ರೋಷರಿಗೆ 130 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಆರ್ಟ್ ಪೇಪರ್, ಅಂದರೆ ನುಣುಪು ಲೇಪನದ ಕಾಗದ, ಸಾಕು. 170 ಅಥವಾ ಅದಕ್ಕಿಂತ ದಪ್ಪವಾದರೆ ಮಡಚುವ ಮುನ್ನ ಕ್ರೀಸಿಂಗ್ (ಮಡಿಕೆ ಬರುವಲ್ಲಿ ಒತ್ತಿ ಗೆರೆ ಮೂಡಿಸುವುದು) ಮಾಡಿಸುವುದು ಒಳ್ಳೆಯದು, ಇಲ್ಲವಾದರೆ ಮಡಿಕೆಯ ಗೆರೆಯುದ್ದಕ್ಕೂ ಶಾಯಿ ಬಿರಿದು ಕಾಗದದ ಬಿಳಿ ಇಣುಕುತ್ತದೆ, ಗಾಢ ಬಣ್ಣವಿದ್ದಲ್ಲಿ ಅದು ಇನ್ನಷ್ಟು ಎದ್ದು ಕಾಣುತ್ತದೆ. ಒಳಕ್ಕೆ ಮಡಚಿಕೊಳ್ಳುವ ಭಾಗವನ್ನು 97 ಮಿಲಿಮೀಟರ್, ಉಳಿದೆರಡನ್ನು ತಲಾ 100 ಮಿಲಿಮೀಟರ್ ಇಡಿ. ಮೂರನ್ನೂ ಸಮವಾಗಿಸಿದರೆ ಒಳಭಾಗ ಸರಿಯಾಗಿ ಕೂರದೆ ಉಬ್ಬಿಕೊಳ್ಳುತ್ತದೆ.

ಫೈಲನ್ನು ನೀವೇ ಸಿದ್ಧಪಡಿಸಿದರೆ ವಿನ್ಯಾಸದ ಖರ್ಚು ಉಳಿಯುತ್ತದೆ. ಉಚಿತವಾಗಿ ಸಿಗುವ ಸ್ಕ್ರೈಬಸ್ ತಂತ್ರಾಂಶದಲ್ಲಿ ಸಿಎಂವೈಕೆ (ಮೇಲೆ ಹೇಳಿದ ನಾಲ್ಕು ಶಾಯಿಗಳ) ಬಣ್ಣಗಳ ಪಿಡಿಎಫ್ ತಯಾರಿಸಬಹುದು. ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಉಳಿಯದಂತೆ ಅಳತೆಯಿಂದಾಚೆಗೂ ಚಾಚಿದ ಬಣ್ಣ) ಬಿಡಿ, ಚಿತ್ರಗಳು ಮುದ್ರಣದ ಅಳತೆಯಲ್ಲಿ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿಗಳು) ಇರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಡಿಜಿಟಲ್‌ನಲ್ಲಿ 300 ಪ್ರತಿ ಮಾಡಿಸುತ್ತೇನೆ. ದುರಸ್ತಿಯ ದರಪಟ್ಟಿಯನ್ನೂ ಅದರಲ್ಲೇ ಸೇರಿಸಬಹುದೇ?

ಉತ್ತರ 3:
ಬೇಡವೆಂದೇ ನನ್ನ ಸಲಹೆ. ದರಗಳು ಬದಲಾಗುತ್ತಿರುತ್ತವೆ, ಅವನ್ನು ನಿಮ್ಮ ಜಾಲತಾಣದಲ್ಲಿಟ್ಟು ಬ್ರೋಷರಿನಲ್ಲಿ ಕ್ಯೂಆರ್ ಕೋಡ್ ಮಾತ್ರ ಕೊಡಿ. ಎಲ್ಲ ಪ್ರತಿಗಳನ್ನು ತೆಗೆಸುವ ಮೊದಲು ಅದೇ ಕಾಗದದಲ್ಲಿ ಒಂದು ಮಾದರಿ ಪ್ರತಿ ಕೇಳಿ ಪಡೆದು, ಅದನ್ನು ಮಡಚಿ, ಆ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿದ ಮೇಲೆಯೇ ಒಪ್ಪಿಗೆ ಕೊಡಿ.